ರಾಡ್ ಮೊದಲೋ, ಸೂಜಿ ಮೊದಲೋ?

ಪ್ರಶ್ನೆ: ನಮ್ಮಪ್ಪನಿಗೆ 71 ವರ್ಷ. ತಿಪಟೂರು ಹತ್ತಿರದ ಹಳ್ಳಿಯಲ್ಲಿ ತೆಂಗಿನ ತೋಟ ಇದೆ, ಕೊಬ್ಬರಿ ವ್ಯಾಪಾರ ಮಾಡಿಕೊಂಡು ಬಂದವರು. ಬಿಪಿ ಮಾತ್ರೆ ಒಂದು ಬಿಟ್ಟರೆ ಆಸ್ಪತ್ರೆ ಮೆಟ್ಟಿಲು ಹತ್ತಿದವರಲ್ಲ. ದೀಪಾವಳಿ ಕಳೆದ ಮೇಲೆ ಬಲತೊಡೆಯಲ್ಲಿ ನೋವು ಶುರುವಾಯಿತು. ವಾತ ಅಂದುಕೊಂಡು ಊರಲ್ಲೇ ಡೈಕ್ಲೋ ಇಂಜೆಕ್ಷನ್ ಹಾಕಿಸಿಕೊಂಡರು, ಎಣ್ಣೆ ತಿಕ್ಕಿಸಿಕೊಂಡರು. ಈಗ ಕಾಲು ಊರಿದರೆ ಜೀವ ಹೋಗುತ್ತದೆ ಅನ್ನುತ್ತಾರೆ. ಮಲಗಿದ್ದಾಗಲೂ ನೋವು. ಎಕ್ಸ್-ರೇ ನೋಡಿದ ಡಾಕ್ಟರು, ತೊಡೆಮೂಳೆಯ ಮೇಲ್ತುದಿಯ ಹತ್ತಿರ ‘ಲೈಟಿಕ್ ಲೀಷನ್’ ಇದೆ, ಮೂಳೆಯ ಗೋಡೆ ಅರ್ಧಕ್ಕಿಂತ ಹೆಚ್ಚು ಸವೆದಿದೆ, ಮುರಿಯುವ ಮುಂಚೆ ರಾಡ್ ಹಾಕಿಸಿಬಿಡಿ ಅಂದರು. ಹಿಮೋಗ್ಲೋಬಿನ್ 8.4, ಇಎಸ್‌ಆರ್ 110. ತೂಕ ಇಳಿದಿದೆ. ರಾತ್ರಿಯೆಲ್ಲ ಮೂತ್ರಕ್ಕೆ ಏಳುತ್ತಾರೆ, ಚೊಂಬುಗಟ್ಟಲೆ ನೀರು ಕುಡಿಯುತ್ತಾರೆ, ಆದರೆ ಶುಗರ್ ಇಲ್ಲ. ಮಲಬದ್ಧತೆ ಬೇರೆ. ಮೂಳೆಗೆ ಶಕ್ತಿ ಬರಲಿ ಅಂತ ಕ್ಯಾಲ್ಸಿಯಂ ಮಾತ್ರೆ ನಾನೇ ಬೆಂಗಳೂರಿನಿಂದ ಕಳಿಸುತ್ತಿದ್ದೇನೆ.

ಅಣ್ಣ ‘ಈ ವಾರವೇ ರಾಡ್ ಹಾಕಿಸೋಣ’ ಅನ್ನುತ್ತಾನೆ. ಚಿಕ್ಕಪ್ಪ ‘ಸೂಜಿ ತಾಗಿದರೆ ಅದು ಮೈಯೆಲ್ಲ ಹರಡುತ್ತೆ, ಏನೂ ಮುಟ್ಟಿಸಬೇಡಿ’ ಅನ್ನುತ್ತಾರೆ. ನನಗೆ ಬಯಾಪ್ಸಿ ಮಾಡಿಸಿಬಿಡೋಣ ಅನ್ನಿಸುತ್ತದೆ. ಅಪ್ಪನಿಗೆ ವಾತ ಅಂತಲೇ ಹೇಳಿದ್ದೇವೆ. ಇದು ಬೋನ್ ಕ್ಯಾನ್ಸರ್ರಾ ಡಾಕ್ಟ್ರೇ?

— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ರಾಡ್, ಸೂಜಿ, ಕ್ಯಾನ್ಸರ್ ಎಲ್ಲ ಇವೆ. ಆದರೆ ನಾನು ಎರಡೆರಡು ಸಲ ಓದಿದ್ದು ನೀವು ಹಾಗೇ ಬರೆದುಕೊಂಡು ಹೋದ ಸಾಲನ್ನು: ರಾತ್ರಿಯೆಲ್ಲ ಮೂತ್ರ, ತೀರದ ಬಾಯಾರಿಕೆ, ಮಲಬದ್ಧತೆ, ಶುಗರ್ ಮಾತ್ರ ಇಲ್ಲ. ಮೂಳೆ ಸವೆಯುತ್ತಿರುವ ವಯಸ್ಸಾದವರಲ್ಲಿ ಈ ಮೂರೂ ಒಟ್ಟಿಗೆ ಬಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆಯೇ ಎಂದು ಮೊದಲು ನೋಡಬೇಕು. ಕರಗಿದ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೇ ಬಂದು ಸೇರುವುದು. ಅದು ಏರುತ್ತ ಹೋದರೆ ಮನುಷ್ಯ ಮಂಕಾಗುತ್ತಾನೆ, ಮಾತು ತಡವರಿಸುತ್ತದೆ, ಕಿಡ್ನಿ ಸೋಲುತ್ತದೆ. ಆದ್ದರಿಂದ ನಾಳೆ ಬೆಳಿಗ್ಗೆಯೇ ತಿಪಟೂರಿನಲ್ಲೇ ಸೀರಂ ಕ್ಯಾಲ್ಸಿಯಂ, ಆಲ್ಬುಮಿನ್, ಕ್ರಿಯಾಟಿನಿನ್ ಮಾಡಿಸಿ. ಕ್ಯಾಲ್ಸಿಯಂ ಹೆಚ್ಚಿದ್ದರೆ ಅವತ್ತೇ ಅಡ್ಮಿಟ್ ಮಾಡಿಸಿ. ಡ್ರಿಪ್‌ನಲ್ಲಿ ಸಲೈನ್, ಜೊತೆಗೆ ಮೂಳೆ ಕರಗುವುದನ್ನು ತಡೆಯುವ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲೇ ಚೇತರಿಕೆ ಕಾಣುತ್ತದೆ. ನೀವು ಕಳಿಸುತ್ತಿರುವ ಕ್ಯಾಲ್ಸಿಯಂ ಮಾತ್ರೆಯನ್ನು ಇವತ್ತಿನಿಂದಲೇ ನಿಲ್ಲಿಸಿ. ಡೈಕ್ಲೋ ಇಂಜೆಕ್ಷನ್ನೂ ಸಾಕು. ಇಂಥ ಕಾಯಿಲೆಗಳಲ್ಲಿ ಕಿಡ್ನಿ ಮೊದಲೇ ಕಷ್ಟದಲ್ಲಿರಬಹುದು, ಅದರ ಮೇಲೆ ಈ ಜಾತಿಯ ನೋವಿನ ಔಷಧ ಬಿದ್ದರೆ ತಡೆಯುವುದಿಲ್ಲ. ಸದ್ಯಕ್ಕೆ ಪ್ಯಾರಾಸಿಟಮಾಲ್ ಕೊಡಿ. ಸಾಲದಿದ್ದರೆ ಟ್ರಮಡಾಲೋ ಮಾರ್ಫಿನ್ನೋ ಡಾಕ್ಟರು ಬರೆದುಕೊಡುತ್ತಾರೆ.

ಎರಡನೆಯದು ಆ ಕಾಲು. ಇವತ್ತಿನಿಂದ ಬಲಗಾಲಿನ ಮೇಲೆ ಭಾರ ಬೀಳಕೂಡದು. ಹಳ್ಳಿಮನೆಗಳಲ್ಲಿ ಇಂಥ ಮೂಳೆ ಮುರಿಯುವುದು ಹೆಚ್ಚಾಗಿ ಬಚ್ಚಲಲ್ಲಿ, ಕುಕ್ಕರಗಾಲಲ್ಲಿ ಕೂತು ಏಳುವಾಗ, ಕತ್ತಲಲ್ಲಿ ಹೊಸ್ತಿಲು ದಾಟುವಾಗ. ಮಂಚದ ಪಕ್ಕಕ್ಕೇ ಒಂದು ಕಮೋಡ್ ಕುರ್ಚಿ ತರಿಸಿ. ರಾತ್ರಿ ಹಾಸಿಗೆಯಲ್ಲೇ ಬಳಸುವ ಮೂತ್ರದ ಪಾತ್ರೆ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಎಬ್ಬಿಸುವಾಗ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಕಾಲು ಹಿಡಿದು ತಿರುಗಿಸಬೇಡಿ. ಎಣ್ಣೆ ತಿಕ್ಕುವುದು, ಎಳೆಯುವುದು, ನಾಟಿ ಕಟ್ಟು ಯಾವುದೂ ಬೇಡ. ಬೆಂಗಳೂರಿಗೆ ಕರೆತರುವಾಗ ಬಸ್ಸು ಬೇಡವೇ ಬೇಡ, ಮಲಗಿಸಿಕೊಂಡು ಬರುವ ವಾಹನ ಮಾಡಿ.

ಇನ್ನು ನೀವು ಕೇಳಿದ್ದಕ್ಕೆ ಬರುತ್ತೇನೆ.

ಪತ್ರ ಓದಿ ಕಾಯಿಲೆಗೆ ಹೆಸರಿಡುವುದು ಸರಿಯಲ್ಲ, ಇಡುವುದೂ ಇಲ್ಲ. ಆದರೆ ‘ಬೋನ್ ಕ್ಯಾನ್ಸರ್’ ಅಂದಾಗ ನಿಮ್ಮ ಕಣ್ಣ ಮುಂದೆ ಬರುವ ಕಾಯಿಲೆ, ಮೂಳೆಯಲ್ಲೇ ಹುಟ್ಟುವ ಗಡ್ಡೆ, ಈ ವಯಸ್ಸಿನಲ್ಲಿ ಅಪರೂಪ. ನಲವತ್ತು ದಾಟಿದವರ ಮೂಳೆಯಲ್ಲಿ ಇಂಥ ಸವಕಳಿ ಕಂಡರೆ ನಾವು ಮೊದಲು ನೆನೆಯುವುದು ಎರಡನ್ನು. ಒಂದು, ಬೇರೆ ಅಂಗದಲ್ಲಿ ಹುಟ್ಟಿ ಮೂಳೆಗೆ ಬಂದು ಕೂತ ಕ್ಯಾನ್ಸರ್: ಶ್ವಾಸಕೋಶ, ಕಿಡ್ನಿ, ಥೈರಾಯ್ಡ್, ಪ್ರಾಸ್ಟೇಟ್, ಹೆಂಗಸರಲ್ಲಾದರೆ ಸ್ತನ. ಎಷ್ಟೋ ಸಲ ಮೂಲದ ಅಂಗ ಒಂದು ಸುಳಿವೂ ಕೊಟ್ಟಿರುವುದಿಲ್ಲ, ಮೊದಲು ಬಾಯಿಬಿಡುವುದು ಮೂಳೆಯೇ. ಇನ್ನೊಂದು ಮಲ್ಟಿಪಲ್ ಮೈಲೋಮಾ. ಇದು ಮೂಳೆಯೊಳಗಿನ ಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ಮೂಳೆ ಸವೆಯುವುದು, ರಕ್ತ ಕಡಿಮೆಯಾಗುವುದು, ಕ್ಯಾಲ್ಸಿಯಂ ಏರುವುದು, ಕಿಡ್ನಿ ಕುಗ್ಗುವುದು, ಈ ನಾಲ್ಕೂ ಅದರ ಗುರುತುಗಳು. ನಿಮ್ಮ ತಂದೆಗೆ ಮೊದಲೆರಡು ಇದ್ದೇ ಇವೆ, ಮೂರನೆಯದರ ಗುಮಾನಿ ನನಗಿದೆ, ಇಎಸ್‌ಆರ್ ನೂರು ದಾಟಿದೆ. ಆದ್ದರಿಂದ ಆ ದಿಕ್ಕಿನ ಪರೀಕ್ಷೆಗಳನ್ನು ತಡಮಾಡದೆ ಮಾಡಿಸಬೇಕು: ಸೀರಂ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್, ಫ್ರೀ ಲೈಟ್ ಚೈನ್, ಮೂತ್ರದಲ್ಲಿ ಬೆನ್ಸ್ ಜೋನ್ಸ್ ಪ್ರೋಟೀನ್. ಹೆಸರು ಉದ್ದವಾಗಿವೆ ಅಂತ ಹೆದರಬೇಡಿ, ಒಂದು ಸಿರಿಂಜ್ ರಕ್ತ, ಒಂದು ಡಬ್ಬಿ ಮೂತ್ರದ ಕೆಲಸ. ಸಣ್ಣ ಊರಿನ ಲ್ಯಾಬ್‌ನವರು ತಾವೇ ಮಾಡದಿದ್ದರೂ ಸ್ಯಾಂಪಲ್ ತೆಗೆದು ಬೆಂಗಳೂರಿಗೆ ಕಳಿಸುತ್ತಾರೆ.

ಮೂಳೆಯಲ್ಲಿ ಕಂಡದ್ದೆಲ್ಲ ಕ್ಯಾನ್ಸರ್ರೂ ಅಲ್ಲ. ಬೇರೆ ಓದುಗರಿಗೂ ಉಪಯೋಗಕ್ಕೆ ಬರಲಿ ಅಂತ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬೆನ್ನುಮೂಳೆಯ ಎಂಆರ್‌ಐ ರಿಪೋರ್ಟಿನಲ್ಲಿ ‘ಹಿಮಾಂಜಿಯೋಮಾ’ ಅಂತ ಬರೆದಿದ್ದಕ್ಕೆ ನಿದ್ದೆಗೆಟ್ಟವರು ಬೇಕಾದಷ್ಟು ಜನ. ಅದು ಬಹುಪಾಲು ಮಂದಿಯಲ್ಲಿ ಜೀವಮಾನವಿಡೀ ಸುಮ್ಮನಿರುವ ರಕ್ತನಾಳದ ಗಂಟು. ‘ಬೋನ್ ಐಲ್ಯಾಂಡ್’ ಅಂತ ಇದ್ದರಂತೂ ಕಾಫಿ ಕುಡಿದು ಮಲಗಬಹುದು. ಮಂಡಿಸವೆತ ಇರುವವರ ಕೀಲಿನ ಪಕ್ಕ ಮೂಳೆಯಲ್ಲಿ ನೀರುಗುಳ್ಳೆ ಕಾಣುತ್ತದೆ, ಅದೂ ಗಡ್ಡೆಯಲ್ಲ. ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟರೆ ಮೂಳೆ ಥೇಟ್ ಕ್ಯಾನ್ಸರ್ ತಿಂದ ಹಾಗೆ ಸವೆಯುತ್ತದೆ, ಕ್ಯಾಲ್ಸಿಯಮ್ಮೂ ಏರುತ್ತದೆ. ಅದಕ್ಕೇ ಕ್ಯಾಲ್ಸಿಯಂ ಹೆಚ್ಚಿದ್ದರೆ ಪಿಟಿಎಚ್ ಅನ್ನುವ ಹಾರ್ಮೋನನ್ನೂ ಅಳೆಯುವುದು. ನಮ್ಮ ದೇಶದಲ್ಲಿ ಬೆನ್ನುಮೂಳೆ ಸವೆದಿದ್ದರೆ ಟಿಬಿಯನ್ನು ಮರೆಯುವ ಹಾಗೇ ಇಲ್ಲ. ಟಿಬಿ ಸಾಮಾನ್ಯವಾಗಿ ಎರಡು ಮೂಳೆಗಳ ನಡುವಿನ ಡಿಸ್ಕನ್ನೂ ಸೇರಿಸಿ ಹಾಳುಮಾಡುತ್ತದೆ, ಕ್ಯಾನ್ಸರ್ ಹೆಚ್ಚಾಗಿ ಡಿಸ್ಕನ್ನು ಬಿಟ್ಟು ಮೂಳೆಯನ್ನಷ್ಟೇ ಹಿಡಿಯುತ್ತದೆ. ಇದು ಎಂಆರ್‌ಐ ನೋಡುವವರಿಗೆ ಸುಳಿವೇ ಹೊರತು ತೀರ್ಪಲ್ಲ. ಕೊನೆಗೆ ಸೂಜಿಯೇ ಹೇಳಬೇಕು.

ನಿಮ್ಮದೇ ಜಿಲ್ಲೆಯ ಪಾವಗಡದ ಕಡೆಯವರ ವಿಷಯ ಇನ್ನೂ ಬೇರೆ. ಅಲ್ಲಿ, ಹಾಗೇ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಊರುಗಳಲ್ಲಿ, ಫ್ಲೋರೈಡ್ ಇರುವ ಬೋರ್‌ವೆಲ್ ನೀರು ಕುಡಿದವರ ಮೂಳೆ ವಯಸ್ಸಾದ ಮೇಲೆ ಎಕ್ಸ್-ರೇಯಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಗಟ್ಟಿಯಾಗಿ ಕಾಣುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗಲೂ ಹೆಚ್ಚಾಗಿ ಸವೆಯುವ ಬದಲು ಹೀಗೇ ಬೆಳ್ಳಗಾಗುತ್ತದೆ. ಊರು ಯಾವುದು, ಯಾವ ನೀರು ಕುಡಿದಿರಿ ಎಂದು ಕೇಳದ ವೈದ್ಯರು ಎಡವುವ ಜಾಗ ಇದು. ಮುಂಗೈಯ ಎಕ್ಸ್-ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆಯೂ ಸುಣ್ಣಗಟ್ಟಿದ್ದರೆ ಅದು ಫ್ಲೋರೋಸಿಸ್ ಕಡೆಗೆ ಬೆರಳು ತೋರಿಸುತ್ತದೆ. ನಿಮ್ಮ ತಂದೆಯದು ಸವೆದ ಮೂಳೆಯಾದ್ದರಿಂದ ಈ ಗೊಂದಲ ಇಲ್ಲ.

ಈಗ ಅಣ್ಣ, ಚಿಕ್ಕಪ್ಪ, ನೀವು.

ಅಣ್ಣನ ಆತುರಕ್ಕೆ ಕಾರಣವಿದೆ. ಮೂಳೆ ಮುರಿಯುತ್ತದೋ ಇಲ್ಲವೋ ಎಂದು ಅಂದಾಜು ಮಾಡಲು ಮಿರೆಲ್ಸ್ ಎಂಬುವರು 1989ರಲ್ಲಿ ಕೊಟ್ಟ ಅಂಕದ ಲೆಕ್ಕವನ್ನು ಆರ್ಥೋ ಡಾಕ್ಟರುಗಳು ಇವತ್ತಿಗೂ ಬಳಸುತ್ತಾರೆ. ಯಾವ ಜಾಗ, ನೋವು ಎಂಥದ್ದು, ಸವೆದಿದೆಯೋ ಗಟ್ಟಿಯಾಗಿದೆಯೋ, ಎಷ್ಟಗಲ ಹೋಗಿದೆ, ಒಂದೊಂದಕ್ಕೂ ಒಂದರಿಂದ ಮೂರು ಅಂಕ, ಒಟ್ಟು ಹನ್ನೆರಡು. ಒಂಬತ್ತು ಮುಟ್ಟಿದರೆ ಮುರಿಯುವ ಮುಂಚೆಯೇ ರಾಡ್ ಹಾಕಿ ಭದ್ರ ಮಾಡಿ ಎನ್ನುತ್ತದೆ ಆ ಲೆಕ್ಕ. ನಿಮ್ಮ ತಂದೆಯದು ತೊಡೆಮೂಳೆಯ ಮೇಲ್ತುದಿ, ಊರಿದರೆ ನೋವು, ಸವೆದ ಮೂಳೆ, ಅರ್ಧಕ್ಕಿಂತ ಹೆಚ್ಚು. ನೀವು ಬರೆದಷ್ಟರಲ್ಲೇ ಒಂಬತ್ತು ದಾಟುತ್ತದೆ. ರಾಡ್ ಬೇಕಾಗಬಹುದು.

ಆದರೆ ಕಾಯಿಲೆ ಯಾವುದೆಂದು ತಿಳಿಯುವ ಮುಂಚೆ ಅಲ್ಲ. ಇದರಲ್ಲಿ ನಾನು ಗಟ್ಟಿ. ನೂರರಲ್ಲಿ ಬಹುಪಾಲು ಮಂದಿಗೆ ಅದು ಹರಡಿದ ಕ್ಯಾನ್ಸರ್ರೋ ಮೈಲೋಮಾವೋ ಆಗಿರುತ್ತದೆ, ರಾಡ್ ಹಾಕಿದ್ದರಿಂದ ದೊಡ್ಡ ನಷ್ಟವಿಲ್ಲ. ಆದರೆ ಕೆಲವರಲ್ಲಿ ಅದು ಕಾಂಡ್ರೋಸಾರ್ಕೋಮಾ ಆಗಿರುತ್ತದೆ. ಮೂಳೆಯಲ್ಲೇ ಹುಟ್ಟುವ, ವಯಸ್ಸಾದವರನ್ನೂ ಹಿಡಿಯುವ, ತೊಡೆಮೂಳೆಯ ಮೇಲ್ತುದಿ ಮತ್ತು ಸೊಂಟದ ಮೂಳೆಯನ್ನೇ ಹುಡುಕಿ ಕೂರುವ ಗಡ್ಡೆ ಅದು. ಅದಕ್ಕೆ ಕೀಮೋ, ಕರೆಂಟು (ರೇಡಿಯೇಷನ್) ಅಷ್ಟಾಗಿ ನಾಟುವುದಿಲ್ಲ. ಇರುವ ದಾರಿ, ಸುತ್ತಲಿನ ಆರೋಗ್ಯವಂತ ಅಂಚನ್ನೂ ಸೇರಿಸಿ ಒಂದೇ ತುಂಡಾಗಿ ತೆಗೆದುಬಿಡುವುದು. ಗೊತ್ತಿಲ್ಲದೆ ಅದರ ನಡುವೆ ರಾಡ್ ಇಳಿಸಿದರೆ ಗಡ್ಡೆಯ ಕಣಗಳು ಮೂಳೆಯ ಉದ್ದಕ್ಕೂ, ಮಾಂಸಖಂಡಕ್ಕೂ ಬಳಿದುಹೋಗುತ್ತವೆ. ಕಾಲು ಉಳಿಸಿಕೊಂಡೇ ಗುಣಪಡಿಸಬಹುದಾಗಿದ್ದ ಮನುಷ್ಯನ ಕಾಲನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ‘ರಾಡ್ ಹಾಕುವಾಗ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತೇವೆ, ಎರಡೂ ಒಟ್ಟಿಗೇ ಆಗುತ್ತೆ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹರಡಿದ ಕ್ಯಾನ್ಸರ್ ಎಂದು ಮೊದಲೇ ಖಾತ್ರಿಯಾದವರಿಗೆ ಆ ಮಾತು ನಡೆದೀತು, ಮೂಲ ಗೊತ್ತಿಲ್ಲದ ಒಂಟಿ ಸವಕಳಿಗೆ ನಡೆಯದು. ಕಿಡ್ನಿಯಿಂದ ಬಂದ ಗಡ್ಡೆಯಾದರೆ ಇನ್ನೊಂದು ಅಪಾಯ: ಅದು ರಕ್ತದ ಮಡು. ಮೊದಲೇ ತಿಳಿದಿದ್ದರೆ ಅದರ ರಕ್ತನಾಳವನ್ನು ಮುಚ್ಚಿ ಆಮೇಲೆ ಆಪರೇಷನ್ ಮಾಡುತ್ತಾರೆ, ತಿಳಿಯದಿದ್ದರೆ ಟೇಬಲ್ ಮೇಲೆ ರಕ್ತ ನಿಲ್ಲಿಸುವುದೇ ಕಷ್ಟ.

ಹಾಗಾದರೆ ನೀವು ಹೇಳಿದಂತೆ ಬಯಾಪ್ಸಿಯೇ ಮೊದಲೇ? ಅದಕ್ಕೂ ಮುಂಚೆ ಒಂದು ಮೆಟ್ಟಿಲಿದೆ. 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೂಳೆಗೆ ಹರಡಿದ ಕ್ಯಾನ್ಸರ್ ಇದೆ, ಮೂಲ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿದ್ದ 40 ರೋಗಿಗಳನ್ನು ಒಂದು ಕ್ರಮದಲ್ಲಿ ಪರೀಕ್ಷಿಸಿದರು. ಕೂರಿಸಿ ಮಾತಾಡಿಸುವುದು, ಮೈಮುಟ್ಟಿ ನೋಡುವುದು, ರಕ್ತಪರೀಕ್ಷೆ, ಎದೆಯ ಎಕ್ಸ್-ರೇ, ಬೋನ್ ಸ್ಕ್ಯಾನ್, ಎದೆ ಹೊಟ್ಟೆ ಕಿಬ್ಬೊಟ್ಟೆಯ ಸಿಟಿ. ಕೊನೆಯಲ್ಲಿ ಮಾಡಿದ ಬಯಾಪ್ಸಿಯೂ ಸೇರಿ 34 ಮಂದಿಯಲ್ಲಿ ಮೂಲ ಸಿಕ್ಕಿತು, ಹೆಚ್ಚಿನವರಲ್ಲಿ ಬಯಾಪ್ಸಿಗೆ ಮುಂಚೆಯೇ. ಬರೀ ಬಯಾಪ್ಸಿಯನ್ನು ನೆಚ್ಚಿಕೊಂಡಿದ್ದರೆ ನೂರಕ್ಕೆ 35 ಮಂದಿಯಲ್ಲಿ ಮಾತ್ರ ಸಿಗುತ್ತಿತ್ತು. ಮೂವತ್ತು ವರ್ಷ ದಾಟಿದರೂ ನಾವು ಹಿಡಿಯುವ ದಾರಿ ಹೆಚ್ಚುಕಡಿಮೆ ಅದೇ, ಕೆಲವು ಕಡೆ ಬೋನ್ ಸ್ಕ್ಯಾನ್ ಜಾಗದಲ್ಲಿ ಪೆಟ್ ಸಿಟಿ ಬಂದಿದೆ ಅಷ್ಟೆ. ಮೈಲೋಮಾದ ಗುಮಾನಿ ಇದ್ದಾಗ ಪೆಟ್ ಸಿಟಿಯೋ, ಇಡೀ ಮೈಯ ಸಿಟಿಯೋ ಮೇಲು, ಏಕೆಂದರೆ ಹಳೆಯ ಬೋನ್ ಸ್ಕ್ಯಾನ್ ಆ ಕಾಯಿಲೆಯನ್ನು ಎಷ್ಟೋ ಸಲ ಕಾಣುವುದೇ ಇಲ್ಲ. ಸಿಟಿಗೆ ಡೈ ಇಂಜೆಕ್ಷನ್ ಕೊಡುವ ಮುಂಚೆ ಕ್ರಿಯಾಟಿನಿನ್ ರಿಪೋರ್ಟನ್ನು ಸ್ಕ್ಯಾನಿಂಗ್ ಸೆಂಟರಿನವರ ಕೈಗೆ ಕೊಡಿ, ಅವರು ಕೇಳಲಿ ಬಿಡಲಿ. ಪ್ರಾಸ್ಟೇಟಿನ ಸುಳಿವಿಗಾಗಿ ರಕ್ತದಲ್ಲಿ ಪಿಎಸ್‌ಎ ನೋಡಿಸಿ. ಕತ್ತಿನಲ್ಲಿ ಗಂಟಿದೆಯೇ ಎಂದು ಡಾಕ್ಟರು ಕೈಯಿಂದಲೇ ನೋಡುತ್ತಾರೆ. ನಿಮ್ಮ ತಂದೆ ಬೀಡಿ ಸೇದುತ್ತಿದ್ದರೇ, ಮೂತ್ರದಲ್ಲಿ ಯಾವಾಗಲಾದರೂ ರಕ್ತ ಕಂಡಿತ್ತೇ, ಹಿಂದೆ ಯಾವುದಾದರೂ ಗಡ್ಡೆ ತೆಗೆಸಿದ್ದರೇ ಎಂದು ಅಮ್ಮನನ್ನು ಕೇಳಿ ಬರೆದಿಟ್ಟುಕೊಳ್ಳಿ. ಇದೆಲ್ಲ ಒಂದು ವಾರದ ಕೆಲಸ. ಆ ಒಂದು ವಾರ ಕಾಲನ್ನು ಜೋಪಾನ ಮಾಡಿ ಅಂತ ಮೇಲೆ ಅಷ್ಟು ಬಡಬಡಿಸಿದ್ದು.

ರಕ್ತ, ಮೂತ್ರ, ಮಜ್ಜೆಯ ಪರೀಕ್ಷೆಯಲ್ಲೇ ಮೈಲೋಮಾ ಎಂದು ಖಚಿತವಾದರೆ ತೊಡೆಗೆ ಸೂಜಿ ಹಾಕುವ ಅಗತ್ಯವೇ ಬೀಳದೆ ಇರಬಹುದು. ಬೇರೆ ಅಂಗದಲ್ಲಿ ಸುಲಭವಾಗಿ ಕೈಗೆ ಸಿಗುವ ಗಡ್ಡೆ ಕಂಡರೂ ಅಲ್ಲಿಂದಲೇ ಚೂರು ತೆಗೆಯಬಹುದು. ಎರಡೂ ಇಲ್ಲವಾದರೆ ತೊಡೆಯ ಬಯಾಪ್ಸಿ.

ಚಿಕ್ಕಪ್ಪನ ಭಯ ಅವರೊಬ್ಬರದ್ದಲ್ಲ, ಪದವೀಧರರ ಮನೆಗಳಲ್ಲೂ ಕೇಳಿದ್ದೇನೆ. ಸರಿಯಾಗಿ ಮಾಡಿದ ಸೂಜಿ ಬಯಾಪ್ಸಿಯಿಂದ ಕ್ಯಾನ್ಸರ್ ಮೈಯೆಲ್ಲ ಹರಡುವುದಿಲ್ಲ. ಸೂಜಿ ಹೋದ ದಾರಿಯಲ್ಲಿ ಕಣ ಉಳಿಯುವುದು ತೀರಾ ವಿರಳ. ಆ ವಿರಳವನ್ನೂ ಲೆಕ್ಕಕ್ಕೆ ಹಿಡಿದೇ, ಮುಂದೆ ಆಪರೇಷನ್ನಿನಲ್ಲಿ ಎಲ್ಲಿ ಕೊಯ್ಯುತ್ತಾರೋ ಅದೇ ಗೆರೆಯಲ್ಲಿ ಸೂಜಿ ಇಳಿಸುತ್ತಾರೆ, ಬೇಕಾದರೆ ಆ ದಾರಿಯನ್ನೂ ಸೇರಿಸಿ ತೆಗೆಯಲು. ಅದಕ್ಕೇ ಬಯಾಪ್ಸಿ ಎಲ್ಲೋ ಒಂದು ಕಡೆ, ಆಪರೇಷನ್ ಇನ್ನೆಲ್ಲೋ ಅಂತ ಆಗಬಾರದು. ಮುಂದೆ ಚಾಕು ಹಿಡಿಯುವ ತಂಡವೇ ಸೂಜಿಯ ಜಾಗವನ್ನೂ ಗುರುತು ಹಾಕಬೇಕು. ಸಿಟಿ ನೋಡಿಕೊಂಡು, ಆ ಜಾಗ ಮಾತ್ರ ಮರಗಟ್ಟಿಸಿ ಮಾಡುತ್ತಾರೆ. ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ರಿಪೋರ್ಟ್ ಬರಲು ವಾರವೋ ಹತ್ತು ದಿನವೋ ಹಿಡಿದರೆ ಗಾಬರಿ ಬೀಳಬೇಡಿ. ಮೂಳೆಯ ಚೂರನ್ನು ಆಸಿಡ್‌ನಲ್ಲಿ ನೆನೆಸಿ ಮೆತ್ತಗಾದ ಮೇಲೆ ತಾನೇ ಕತ್ತರಿಸಿ ಮೈಕ್ರೋಸ್ಕೋಪಿನಡಿ ಇಡುವುದು. ಅಷ್ಟರೊಳಗೆ ಯಾರಾದರೂ ‘ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿದರೆ ಹಗುರಾಗುತ್ತೆ’ ಅಂದರೆ ಬೇಡ ಅನ್ನಿ. ಮೈಲೋಮಾ, ಲಿಂಫೋಮಾಗಳು ಸ್ಟೀರಾಯ್ಡ್ ಬಿದ್ದ ಕೂಡಲೇ ಮುದುಡಿಕೊಂಡು ಸೂಜಿಗೆ ಸಿಗದಂತಾಗಬಹುದು.

ಕಾಯಿಲೆ ಯಾವುದೇ ಆಗಲಿ, ‘ಇನ್ನೇನು, ಮುಗೀತು’ ಅನ್ನುವ ಮಾತು ಈಗಲೇ ಬೇಡ. ಮೈಲೋಮಾ ಬೇರುಸಹಿತ ಹೋಗುವುದು ಕಷ್ಟ, ಆದರೆ ಬಾರ್ಟಿಝೊಮಿಬ್ ಇಂಜೆಕ್ಷನ್, ಲೆನಾಲಿಡೊಮೈಡ್ ಕ್ಯಾಪ್ಸೂಲುಗಳು ಬಂದ ಮೇಲೆ ವರ್ಷಗಟ್ಟಲೆ ಓಡಾಡಿಕೊಂಡಿರುವ ಹಿರಿಯರು ನಮ್ಮ ಒಪಿಡಿಗೆ ಬರುತ್ತಾರೆ. ಪ್ರಾಸ್ಟೇಟಿನದಾದರೆ ಹಾರ್ಮೋನ್ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಶ್ವಾಸಕೋಶದ್ದು, ಕಿಡ್ನಿಯದು ಕಠಿಣ, ಸುಳ್ಳು ಹೇಳುವುದಿಲ್ಲ. ಹರಡಿದ ಗಡ್ಡೆಯ ಮೂಳೆನೋವಿಗೆ ಎಷ್ಟೋ ಸಲ ಒಂದೇ ಸಿಟ್ಟಿಂಗ್ ಕರೆಂಟು ಸಾಕಾಗುತ್ತದೆ. ಮೂಳೆ ಕಾಪಾಡುವ ಝೊಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಬರೆದರೆ, ಅದಕ್ಕೆ ಮುಂಚೆ ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿ. ಆ ಔಷಧ ಶುರುವಾದ ಮೇಲೆ ಹಲ್ಲು ಕೀಳಿಸಿದರೆ ದವಡೆ ಮೂಳೆ ಮಾಯದೆ ಕೂರುವ ಅಪಾಯವಿದೆ.

ಒಂದು ಎಚ್ಚರಿಕೆ. ಎರಡೂ ಕಾಲಲ್ಲಿ ಬಲ ಕುಂದುವುದು, ಮೂತ್ರ ಕಟ್ಟುವುದು, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿರುವುದು, ಇದರಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಕಾಯಿಲೆ ಬೆನ್ನುಮೂಳೆಗೂ ತಗುಲಿ ಬೆನ್ನುಹುರಿ ಒತ್ತಿಹೋಗುತ್ತಿರಬಹುದು. ಕೆಲವು ಗಂಟೆಗಳ ತಡ ಕಾಲಿನ ಬಲವನ್ನೇ ಕಳೆಯಬಹುದು.

ಅಪ್ಪನಿಗೆ ಹೇಳುವ ವಿಷಯ. ಕೊಬ್ಬರಿಯನ್ನು ಕೈಯಲ್ಲಿ ಕುಲುಕಿ ಒಳಗೆ ಹೇಗಿದೆ ಅಂತ ಹೇಳುವ ಮನುಷ್ಯನಿಗೆ ಮನೆಯವರು ಪಿಸುಗುಟ್ಟುವುದು ಕೇಳಿಸದೆ ಇರುತ್ತದೆಯೇ? ವಾತಕ್ಕೆ ಯಾರೂ ಮೂರು ಸ್ಕ್ಯಾನ್ ಮಾಡಿಸುವುದಿಲ್ಲ ಎಂದು ಅವರಿಗೂ ಗೊತ್ತು. ಇನ್ನೂ ಹೆಸರು ಗೊತ್ತಿಲ್ಲದ ಕಾಯಿಲೆಯನ್ನು ಹೆಸರಿಟ್ಟು ಹೇಳಬೇಕಾಗಿಲ್ಲ. ‘ಮೂಳೆ ಒಳಗಿಂದ ಟೊಳ್ಳಾಗಿದೆ ಅಪ್ಪ, ಕೆಂಪುಮೂತಿ ಹುಳ ಬಿದ್ದ ಮರದ ಹಾಗೆ. ಯಾತಕ್ಕೆ ಅಂತ ನೋಡಬೇಕು, ಅದಕ್ಕೇ ಈ ಪರೀಕ್ಷೆ’ ಅನ್ನಿ. ತೆಂಗು ಬೆಳೆದವರಿಗೆ ಇಷ್ಟು ಸಾಕು, ಮರ ಹೊರಗಿನಿಂದ ನೆಟ್ಟಗಿದ್ದರೂ ಯಾಕೆ ಹತ್ತಬಾರದು ಎಂದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಮತ್ತೆ ‘ರಿಪೋರ್ಟ್ ಬಂದ ಮೇಲೆ ಡಾಕ್ಟರು ನಿಮಗೇ ಹೇಳಲೋ, ನಮಗೆ ಹೇಳಲೋ?’ ಎಂದು ಅವರನ್ನೇ ಕೇಳಿ. ‘ನೀವೇ ನೋಡ್ಕೊಳ್ಳಿ’ ಅಂದರೆ ಅದು ಅವರ ಇಷ್ಟ. ‘ನನಗೇ ಹೇಳಲಿ’ ಅಂದರೆ ನಡುವೆ ಅಡ್ಡ ನಿಲ್ಲಬೇಡಿ. ಆಪರೇಷನ್ ಕಾಗದಕ್ಕೆ ಸಹಿ ಹಾಕುವವರು ಅವರೇ ಅಲ್ಲವೇ. ಚಿಕ್ಕಪ್ಪನನ್ನೂ ಒಮ್ಮೆ ಡಾಕ್ಟರ ಎದುರಿಗೆ ಕೂರಿಸಿ. ಮನೆಯಲ್ಲಿ ನೀವು ಗಂಟೆಗಟ್ಟಲೆ ವಾದಿಸುವುದಕ್ಕಿಂತ ಅಲ್ಲಿನ ಹತ್ತು ನಿಮಿಷ ವಾಸಿ.

ಎಲ್ಲಿಗೆ ಹೋಗಬೇಕು? ಮೂಳೆಗಡ್ಡೆಗೆಂದೇ ತರಬೇತಾದ ಆರ್ಥೋ ಸರ್ಜನ್, ಕ್ಯಾನ್ಸರ್ ತಜ್ಞ, ಪೆಥಾಲಜಿ ಮೂರೂ ಒಂದೇ ಸೂರಿನಡಿ ಇರುವ ಕಡೆ. ಬೆಂಗಳೂರಿನ ಸರ್ಕಾರಿ ಕಿದ್ವಾಯಿ ಸಂಸ್ಥೆ ಇದೆ, ಖಾಸಗಿ ಕ್ಯಾನ್ಸರ್ ಆಸ್ಪತ್ರೆಗಳೂ ಇವೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡಾ 30ರಷ್ಟು. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ, ಆದ್ದರಿಂದ ಊರು ಬಿಡುವ ಮುಂಚೆಯೇ ತಿಪಟೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಬರೆಸಿಕೊಳ್ಳಿ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಸ್ಕ್ಯಾನ್ ಮಾಡಿಸಿದಾಗ ಬರೀ ರಿಪೋರ್ಟ್ ಹಾಳೆ ತರಬೇಡಿ, ಸಿಡಿಯನ್ನೂ ಕೇಳಿ ಪಡೆಯಿರಿ. ಬಯಾಪ್ಸಿ ಆದ ಮೇಲೆ ಲ್ಯಾಬ್‌ನಲ್ಲಿ ಸ್ಲೈಡುಗಳು, ಮೇಣದಲ್ಲಿ ಹೂತಿಟ್ಟ ಚೂರು ಎರಡೂ ಇರುತ್ತವೆ. ಅದಕ್ಕೆ ಬ್ಲಾಕ್ ಅನ್ನುತ್ತಾರೆ, ಕೇಳಿದರೆ ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕೆನ್ನಿಸಿದಾಗ ಆ ಬ್ಲಾಕ್ ಕೈಯಲ್ಲಿದ್ದರೆ ಅಪ್ಪನಿಗೆ ಎರಡನೇ ಸಲ ಸೂಜಿ ಹಾಕಿಸಬೇಕಾಗಿ ಬರುವುದಿಲ್ಲ.